ವಿದೇಶಿ ಅನುದಾನ ಬತ್ತುತ್ತಿದೆ, ಹೊಸ ದಾರಿಗಳ ಹೆಸರು ಹತ್ತಾರು: ಕೊನೆಗೆ ದುಡ್ಡು ಕೊಡುವವರು ಯಾರು?

ಪಿಂಪ್ರಿ ಖಾತೆಪುಸ್ತಕ (ಪುಣೆ) ಕೇಳಿದ್ದು:

ಲೆಕ್ಕಪತ್ರದವರು, ಬಾಂಡ್ ಮಾರುಕಟ್ಟೆಯವರು ಇಲ್ಲಿ ಬಹಳ ಜನ ಇದ್ದೀರಿ ಎಂದು ಕೇಳುತ್ತಿದ್ದೇನೆ. ಪಿಂಪ್ರಿ-ಚಿಂಚ್‌ವಡ್ ಕಡೆ ನಮ್ಮದು ಕಟ್ಟಡ ಕಾರ್ಮಿಕರ ಮಕ್ಕಳಿಗೆ ಓದು ಬರಹ ಕಲಿಸುವ ಒಂದು ಸಾರ್ವಜನಿಕ ಟ್ರಸ್ಟ್. ವರ್ಷದ ಖರ್ಚು 62 ಲಕ್ಷದ ಆಸುಪಾಸು, ಅದರಲ್ಲಿ ಮೂರನೇ ಒಂದು ಪಾಲು ಹೊರದೇಶದ ಅನುದಾನ. 2025ರ ಜುಲೈ 1ಕ್ಕೆ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿಬಿಟ್ಟಿದೆ. ಟ್ರಸ್ಟಿಗೆ ಅವರಿಂದ ನೇರವಾಗಿ ಬರುತ್ತಿದ್ದುದು ಏನೂ ಇಲ್ಲ. ಆದರೆ ಮೇಲಿನ ಕೆರೆ ಒಣಗಿದರೆ ಕೆಳಗಿನ ಗದ್ದೆಗೆ ಗೊತ್ತಾಗದೆ ಇರುತ್ತದೆಯೇ?

ಟ್ರಸ್ಟಿಗಳ ಸಭೆಯಲ್ಲಿ ಹೆಸರುಗಳ ಮಳೆಯೇ ಸುರಿಯುತ್ತಿದೆ: ಬ್ರಿಕ್ಸ್ ಬ್ಯಾಂಕು, ಏಷ್ಯಾ ಮೂಲಸೌಕರ್ಯ ಬ್ಯಾಂಕು, ಲಸಿಕೆ ಬಾಂಡು, ಇಂಪ್ಯಾಕ್ಟ್ ಬಾಂಡು, ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜು. ನನ್ನ ಪ್ರಶ್ನೆ ಎರಡೇ. ಇವುಗಳಲ್ಲಿ ಕೊನೆಗೆ ಯಾರ ಜೇಬಿನಿಂದ ಹಣ ಬರುತ್ತದೆ? 62 ಲಕ್ಷದ ಸಂಸ್ಥೆಯ ಕೈಗೆ ಎಟಕುವುದು ಯಾವುದು?

ದಾದರ್ ಟಿಟಿ (ಮುಂಬೈ):

ಮೊದಲು ಹೆಸರುಗಳನ್ನು ಬದಿಗಿಡಿ ಮಾರಾಯ್ರೆ. ಯಾವ ಹೊಸ ಸಾಧನ ಬಂದರೂ ಅದು ಮಾಡುವುದು ಮೂರರಲ್ಲಿ ಒಂದು ಕೆಲಸ. ನಾಳೆಯ ಹಣವನ್ನು ಇವತ್ತಿಗೆ ಎಳೆದು ತರುವುದು, ನಷ್ಟದ ಹೊರೆಯನ್ನು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುವುದು, ಇಲ್ಲವೇ ನಿಜವಾಗಿ ಹೊಸ ಜೇಬಿಗೆ ಕೈ ಹಾಕುವುದು. ಮೂರನೆಯದು ಬಹಳ ಅಪರೂಪ.

ಅಪರೂಪದ್ದಕ್ಕೆ ಉದಾಹರಣೆ ಫ್ರಾನ್ಸಿನ ವಿಮಾನ ಟಿಕೆಟ್ ಸುಂಕ. 2006ರ ಜುಲೈನಲ್ಲಿ ಶುರುವಾಯಿತು. ಯುರೋಪಿನೊಳಗಿನ ಹಾರಾಟಕ್ಕೆ ಸಾಮಾನ್ಯ ದರ್ಜೆಯಲ್ಲಿ 1 ಯೂರೊ, ಬಿಸಿನೆಸ್ ದರ್ಜೆಯಲ್ಲಿ 10. ಹೊರಗಿನದಕ್ಕೆ 4 ಮತ್ತು 40. ಅದೇ ವರ್ಷ ಫ್ರಾನ್ಸ್, ಬ್ರೆಜಿಲ್, ಚಿಲಿ, ನಾರ್ವೆ, ಬ್ರಿಟನ್ ಸೇರಿ ಕಟ್ಟಿದ ಯುನಿಟೈಡ್ ಎಂಬ ಸಂಸ್ಥೆಗೆ ಅದರಿಂದ ಹಣ ಹರಿಯಿತು. ಏಡ್ಸ್, ಕ್ಷಯ, ಮಲೇರಿಯಾ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಭರವಸೆ ಕೊಟ್ಟು ಬೆಲೆ ಇಳಿಸುವುದು ಅದರ ಉಪಾಯ. ಇಲ್ಲಿ ಕೊಡುವವನು ವಿಮಾನ ಏರಿದ ಪ್ರಯಾಣಿಕ. ಆದರೆ 2025ರ ಮಾರ್ಚ್‌ನಲ್ಲಿ ಯುರೋಪಿನೊಳಗಿನ ಸಾಮಾನ್ಯ ದರ್ಜೆಯ ಆ ಸುಂಕ 7.40 ಯೂರೊಗೆ ಏರಿದ್ದು ಫ್ರಾನ್ಸಿನದೇ ಬಜೆಟ್ ಕೊರತೆ ತುಂಬಲು. ಹೊಸ ಜೇಬು ಕಂಡರೆ ಹಳೆಯ ಖಜಾನೆಗೂ ಹಸಿವಾಗುತ್ತದೆ.

ಬ್ಯಾಂಕುಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ, ನಿಮಗೆ ನೇರವಾಗಿ ಪ್ರಯೋಜನವಿಲ್ಲ. ಬ್ರಿಕ್ಸ್‌ನವರ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿಗೆ 2014ರಲ್ಲಿ ಫೋರ್ಟಲೇಜಾದಲ್ಲಿ ಸಹಿ ಬಿತ್ತು, ಕಚೇರಿ ಶಾಂಘೈಯಲ್ಲಿ. ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ, ಸುರತ್ಕಲ್‌ನಲ್ಲಿ ಓದಿದ ಕೆ. ವಿ. ಕಾಮತ್. ಐದು ಸ್ಥಾಪಕ ದೇಶಗಳು (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ) ತಲಾ 10 ಶತಕೋಟಿ ಡಾಲರ್ ಬರೆದವು, ಒಟ್ಟು 50. ಅದರಲ್ಲಿ ನಗದಾಗಿ ಕಟ್ಟಬೇಕಾದದ್ದು 10 ಮಾತ್ರ; ಉಳಿದ 40 'ಕಷ್ಟ ಬಂದರೆ ಕೊಡುತ್ತೇವೆ' ಎಂಬ ಮಾತು. ಆ ಮಾತಿನ ಬಲದ ಮೇಲೆ ಬ್ಯಾಂಕು ಮಾರುಕಟ್ಟೆಯಲ್ಲಿ ಕಡಿಮೆ ಬಡ್ಡಿಗೆ ಸಾಲ ಎತ್ತಿ ಸರ್ಕಾರಗಳಿಗೆ ಕೊಡುತ್ತದೆ. 2016ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಬಾಗಿಲು ತೆರೆದ ಏಷ್ಯಾ ಮೂಲಸೌಕರ್ಯ ಬ್ಯಾಂಕಿನದೂ (ಎಐಐಬಿ) ಇದೇ ಕಟ್ಟು: 100 ಶತಕೋಟಿ ಬಂಡವಾಳ, ಐದನೇ ಒಂದು ಪಾಲು ನಗದು. ಚೀನಾದ ನಂತರ ಅದರ ದೊಡ್ಡ ಷೇರುದಾರ ಭಾರತವೇ.

ನಿಜವಾದ ವ್ಯತ್ಯಾಸ ಇರುವುದು ಮತದಲ್ಲಿ. ಬ್ರಿಕ್ಸ್ ಬ್ಯಾಂಕಿನಲ್ಲಿ ಸ್ಥಾಪಕರಿಗೆ ಸಮ ಪಾಲು, ಯಾರಿಗೂ ವೀಟೊ (ಒಬ್ಬರೇ ತಡೆಯುವ ಅಧಿಕಾರ) ಇಲ್ಲ. ವಿಶ್ವ ಬ್ಯಾಂಕಿನ ನಿಯಮ ತಿದ್ದಲು ಶೇ 85 ಮತ ಬೇಕು. ಅಮೆರಿಕ ಒಂದರ ಕೈಯಲ್ಲೇ ಶೇ 15ಕ್ಕಿಂತ ಹೆಚ್ಚಿದೆ, ಅಲ್ಲಿಗೆ ಮುಗಿಯಿತು. ಹಾಗೆಂದು ಹೊಸ ಬ್ಯಾಂಕು ಡಾಲರಿನ ಹಂಗಿನಿಂದ ಬಿಡಿಸಿಕೊಂಡಿಲ್ಲ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಬೆನ್ನಿಗೆ ತನ್ನದೇ ಸ್ಥಾಪಕ ರಷ್ಯಾದ ಹೊಸ ವ್ಯವಹಾರಗಳನ್ನು ಅದು ನಿಲ್ಲಿಸಬೇಕಾಯಿತು. ಬಾಂಡ್ ಕೊಳ್ಳುವವರು ಮುಖ ತಿರುಗಿಸಿದರೆ ಸಾಲ ಕೊಡುವುದೇ ನಿಂತುಹೋಗುತ್ತದಲ್ಲ.

ಮುಂಬೈ ಮೆಟ್ರೊ 3ಕ್ಕೆ ಜಪಾನಿನ ನೆರವು ಸಂಸ್ಥೆ ಜೈಕಾ, ಪುಣೆ ಮೆಟ್ರೊಗೆ ಯುರೋಪಿನ ಹೂಡಿಕೆ ಬ್ಯಾಂಕು ಮತ್ತು ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಸಾಲ ಕೊಟ್ಟಿವೆ. ಅದನ್ನು ತೀರಿಸುವುದು ಟಿಕೆಟ್ ಹಣ, ಸಾಲದಿದ್ದರೆ ತೆರಿಗೆ ಹಣ. ಇದು ದಾನ ಅಲ್ಲ, ಅಗ್ಗದ ಸಾಲ ಅಷ್ಟೆ.

ಹಡಪಸರ್ ಧಾರವಾಡಿ (ಪುಣೆ):

ಲಸಿಕೆ ಬಾಂಡಿನ ಲೆಕ್ಕ ಬಿಡಿಸಿ ಹೇಳ್ತೀನಿ, ನೋಡ್ರಿ. ಐಎಫ್‌ಎಫ್‌ಐಎಂ ಅಂತ ಅದರ ಹೆಸರು, 2006ರಾಗ ಹುಟ್ಟಿದ್ದು. ಮೊದಲನೇ ಬಾಂಡು ಅದೇ ವರ್ಷ ನವೆಂಬರ್‌ದಾಗ, 1 ಶತಕೋಟಿ ಡಾಲರಿಂದು.

ಹಿಂಗ ತಿಳ್ಕೊಳ್ರಿ. ಒಂದು ದೇಶ ವರ್ಷಕ್ಕ 10 ಕೋಟಿಯಂಗ 10 ವರ್ಷ ಕೊಡ್ತೀನಿ ಅಂತ ಕಾನೂನುಬದ್ಧವಾಗಿ ಬರಕೊಡ್ತದ. ಕೂಡಿಸಿದ್ರ 100 ಕೋಟಿ. ಶೇ 5ರ ಬಡ್ಡಿ ಹಿಡಿದ್ರ ಅದರ ಇವತ್ತಿನ ಬೆಲೆ ಸುಮಾರು 77 ಕೋಟಿ. ಆ ಕಾಗದ ತೋರಿಸಿ ಬಾಂಡ್ ಮಾರಿ ಇವತ್ತೇ ರೊಕ್ಕ ಎತ್ತೋದು. ಪೂರ್ತಿ 77 ಎತ್ತಂಗಿಲ್ಲ, ಒಂದಿಷ್ಟು ಕೈಕಾವಲಿಗೆ ಬಿಡ್ತಾರ. ಯಾಕಂದ್ರ ಬರಕೊಟ್ಟ ಕಾಗದದಾಗ ಒಂದು ಷರತ್ತೈತಿ: ಲಸಿಕೆ ತಗೊಳ್ಳೋ ಬಡ ದೇಶಗಳು ಐಎಂಎಫ್‌ಗೆ ದೀರ್ಘಕಾಲ ಬಾಕಿ ಉಳಿಸಿಕೊಂಡ್ರ, ಆ ಪಾಲಿನಷ್ಟು ದಾನಿ ಕಡಿಮಿ ಕೊಡಬಹುದು. ಖಜಾನೆ ನೋಡಿಕೊಳ್ಳೋದು ವಿಶ್ವ ಬ್ಯಾಂಕು, ಖರ್ಚು ಮಾಡೋದು ಗಾವಿ, ಅಂದ್ರ ಬಡ ದೇಶಗಳಿಗೆ ಲಸಿಕೆ ಕೊಂಡು ಕೊಡೋ ಅಂತರರಾಷ್ಟ್ರೀಯ ಒಕ್ಕೂಟ.

ಅಂದ್ರ ಕೊನಿಗೆ ಕೊಡೋರು ಅದೇ ಬ್ರಿಟನ್, ಫ್ರಾನ್ಸಿನ ತೆರಿಗೆದಾರರು. ಹೊಸ ರೊಕ್ಕ ಅಲ್ರಿ, ಮುಂಗಡ ರೊಕ್ಕ. ಹಂಗಂತ ಬರೇ ಗಾರುಡಿನೂ ಅಲ್ಲ. ದಡಾರದ ಲಸಿಕೆ ಹತ್ತು ವರ್ಷಕ್ಕ ಹಂಚಿ ಹಾಕೋದಕ್ಕೂ ಎರಡು ವರ್ಷದಾಗ ಎಲ್ಲಾ ಮಕ್ಕಳಿಗೆ ಹಾಕೋದಕ್ಕೂ ಬಹಳ ಫರಕ್ ಐತಿ. ಎಲ್ಲಾರಿಗೂ ಒಮ್ಮೆಲೇ ಬಿದ್ರ ರೋಗದ ಸರಪಳಿನೇ ಹರೀತದ. ರಸ್ತೆ, ಪಗಾರ ಇಂಥದಕ್ಕ ಈ ಉಪಾಯ ಒಪ್ಪಂಗಿಲ್ಲ, ಬಡ್ಡಿ ದಂಡ. ಇನ್ನೊಂದು ತೊಡಕು: ಬಾಂಡಿನ ರೇಟಿಂಗು ದಾನಿ ದೇಶಗಳ ರೇಟಿಂಗಿನ ಬೆನ್ನಿಗೆ ಕಟ್ಟಿದ್ದು. ಬ್ರಿಟನ್, ಫ್ರಾನ್ಸು ಇಳಿದ್ರ ಅದೂ ಇಳೀತದ, ಬಡ್ಡಿ ಏರ್ತದ.

ಇದರ ಅಣ್ಣ-ತಮ್ಮ ಇನ್ನೊಂದೈತಿ, ಮುಂಗಡ ಮಾರುಕಟ್ಟೆ ಭರವಸೆ, ಎಎಂಸಿ ಅಂತಾರ. ಲಸಿಕೆ ತಯಾರಾದ್ರ ಇಂತಿಷ್ಟು ಬೆಲೆಗೆ ಕೊಳ್ತೀವಿ ಅಂತ ಕಂಪನಿಗಳಿಗೆ ಮೊದಲೇ ಮಾತು ಕೊಡೋದು. ನಮ್ಮ ಪುಣೆಗೆ ಸಂಬಂಧಿಸಿದ್ದು. 2009ರಾಗ ಇಟಲಿ, ಬ್ರಿಟನ್, ಕೆನಡಾ, ರಷ್ಯಾ, ನಾರ್ವೆ ಮತ್ತ ಗೇಟ್ಸ್ ಪ್ರತಿಷ್ಠಾನ ಕೂಡಿ ನ್ಯುಮೊಕಾಕಲ್ (ಮಕ್ಕಳ ನ್ಯುಮೋನಿಯಾ ತಡೆಯೋ) ಲಸಿಕೆಗೆ 1.5 ಶತಕೋಟಿ ಡಾಲರ್ ತೆಗೆದಿಟ್ರು. ಗುರಿ ವರ್ಷಕ್ಕ 20 ಕೋಟಿ ಡೋಸು. ಕಂಪನಿ ಎಷ್ಟು ಡೋಸಿಗೆ ಕರಾರು ಮಾಡ್ತದೋ ನಿಧಿಯಾಗ ಅಷ್ಟೇ ಪಾಲು. ವರ್ಷಕ್ಕ 3 ಕೋಟಿ ಡೋಸು ಅಂದ್ರ ಗುರಿಯ ಶೇ 15, ಅಂದ್ರ 22.5 ಕೋಟಿ ಡಾಲರು. ಮೊದಲಿನ ಸುಮಾರು ಶೇ 20 ಡೋಸಿಗೆ ತಲಾ 7 ಡಾಲರು, ಆಮ್ಯಾಲೆ ಹತ್ತು ವರ್ಷದ ಕರಾರು ಮುಗಿಯೋ ತನಕ 3.50ರ ಮ್ಯಾಲೆ ಹೋಗಂಗಿಲ್ಲ.

ಎಡವಿದ್ದೆಲ್ಲಿ ಅಂದ್ರ, 2010ರಾಗ ಮೊದಲು ಕರಾರು ಮಾಡಿದ ಎರಡೂ ಕಂಪನಿ, ಜಿಎಸ್‌ಕೆ ಮತ್ತು ಫೈಜರ್, ಅವರ ಲಸಿಕೆ ಆಗಲೇ ತಯಾರಿತ್ತು. ಹೊಸ ತಯಾರಕರನ್ನ ಹುಟ್ಟಿಸೋ ಉದ್ದೇಶ ಹತ್ತು ವರ್ಷ ಕಾಯಬೇಕಾತು. ಹಡಪಸರಿನ ಸೀರಮ್ ಇನ್‌ಸ್ಟಿಟ್ಯೂಟಿನ ಲಸಿಕೆ ನ್ಯುಮೊಸಿಲ್‌ಗೆ 2019ರ ಡಿಸೆಂಬರ್‌ದಾಗ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ (ಗುಣಮಟ್ಟದ ಒಪ್ಪಿಗೆ) ಸಿಕ್ತು, 2020ರಾಗ ಗಾವಿ ಕರಾರು ಆತು, ಬೆಲೆ ಡೋಸಿಗೆ 2 ಡಾಲರಿಗೆ ಇಳೀತು. ರೊಕ್ಕ ಮುಂದಿಡೋದಷ್ಟ ಸಾಲಂಗಿಲ್ಲ, ಯಾರು ಪಂದ್ಯಕ್ಕ ಇಳಿಯೋ ಸ್ಥಿತಿಯಾಗಿದ್ದಾರ ಅಂತ ನೋಡಬೇಕಾಗ್ತದ.

ವಾಸ್ಕೊ ಬಂದರು (ಗೋವಾ):

ದಾದರ್‌ನವರು 'ಅಗ್ಗದ ಸಾಲ' ಅಂದಿರಿ. ಅಲ್ಲೊಂದು ಅಡಿಟಿಪ್ಪಣಿ ಸೇರಿಸಬೇಕು. ಬಡ್ಡಿ ಅಗ್ಗ, ಸಾಲ ಅಗ್ಗವೇ ಆಗಿರಬೇಕೆಂದಿಲ್ಲ.

ರಾಜ್ಯ ಸರ್ಕಾರ ಹೊರಗಿನ ಬ್ಯಾಂಕಿನ ಸಾಲ ಬೇಕೆಂದರೆ ನೇರವಾಗಿ ಕೇಳುವಂತಿಲ್ಲ. ಇಲಾಖೆ ಪ್ರಾಥಮಿಕ ಯೋಜನಾ ವರದಿ ಬರೆಯಬೇಕು, ಕೇಂದ್ರದ ಆರ್ಥಿಕ ವ್ಯವಹಾರಗಳ ಇಲಾಖೆ ಪರಿಶೀಲಿಸಿ ಬ್ಯಾಂಕಿಗೆ ಕಳಿಸಬೇಕು, ಸಾಲಕ್ಕೆ ಸಹಿ ಹಾಕುವುದು ಭಾರತ ಸರ್ಕಾರ. ಆಮೇಲೆ ಕೇಂದ್ರ ಅದನ್ನು ರಾಜ್ಯಕ್ಕೆ ದಾಟಿಸುತ್ತದೆ. 12ನೇ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ 2005ರ ಏಪ್ರಿಲ್‌ನಿಂದ ಸಾಮಾನ್ಯ ವರ್ಗದ ರಾಜ್ಯಗಳಿಗೆ ಅದು ಬಂದ ಷರತ್ತಿನಲ್ಲೇ, ಬಂದ ಕರೆನ್ಸಿಯ ಲೆಕ್ಕದಲ್ಲೇ ದಾಟುತ್ತದೆ. ಅಂದರೆ ವಿನಿಮಯ ದರದ ಏರಿಳಿತ ರಾಜ್ಯದ ತಲೆಗೆ.

ಗೋವಾದ ನೀರು ಸರಬರಾಜು ಮತ್ತು ಒಳಚರಂಡಿ ಯೋಜನೆಗೆ 2007ರಲ್ಲಿ ಜಪಾನಿನ ಯೆನ್ ಸಾಲದ ಒಪ್ಪಂದವಾಯಿತು. ಆಗ 100 ಯೆನ್‌ಗೆ ಸುಮಾರು 35 ರೂಪಾಯಿ. 2012ರ ಹೊತ್ತಿಗೆ 65 ದಾಟಿತ್ತು. ಆಮೇಲೆ ಯೆನ್ ಮತ್ತೆ ಇಳಿಯಿತು ಎನ್ನಿ. ಆದರೆ ಕಂತು ಕಟ್ಟುವ ದಿನ ದರ ಎಲ್ಲಿರುತ್ತದೆ ಎಂದು ಯಾರ ಜಾತಕದಲ್ಲೂ ಬರೆದಿಲ್ಲ. ಶೇ 1ರ ಯೆನ್ ಬಡ್ಡಿಯನ್ನು ಶೇ 8ರ ರೂಪಾಯಿ ಬಡ್ಡಿಯ ಪಕ್ಕ ಇಟ್ಟು 'ಉಳಿತಾಯ ಶೇ 7' ಎಂದು ತೋರಿಸುವ ಪಟ್ಟಿಯನ್ನು ನಂಬಬೇಡಿ.

ಇನ್ನೊಂದು ಸೋರಿಕೆ, ಬದ್ಧತಾ ಶುಲ್ಕ. ಮಂಜೂರಾಗಿ ಎತ್ತದೆ ಉಳಿದ ಸಾಲದ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಶೇ 0.25. 1,000 ಕೋಟಿಯಲ್ಲಿ 800 ಕೋಟಿ ಎತ್ತದೆ ಬಿದ್ದಿದ್ದರೆ ವರ್ಷಕ್ಕೆ 2 ಕೋಟಿ ಬರೀ ಕಾಯುವುದಕ್ಕೆ. ಭೂಸ್ವಾಧೀನ ಆಗುವ ಮೊದಲೇ ಸಹಿ ಹಾಕಿದರೆ ಆಗುವುದು ಇದೇ.

ಆದ್ದರಿಂದ ರೂಪಾಯಿಯಲ್ಲೇ ಎತ್ತುವ ದಾರಿಗಳನ್ನು ಹಗುರವಾಗಿ ಕಾಣಬೇಡಿ. 2017ರ ಜೂನ್‌ನಲ್ಲಿ ಪುಣೆ ಮಹಾನಗರಪಾಲಿಕೆ ನೀರಿನ ಯೋಜನೆಗೆಂದು 200 ಕೋಟಿಯ ಬಾಂಡನ್ನು ಶೇ 7.59ಕ್ಕೆ, 10 ವರ್ಷಕ್ಕೆ ಮಾರಿತು. ಪಾಲಿಕೆ ಬಾಂಡ್‌ಗಳಿಗೆ ಕೇಂದ್ರದ ಪ್ರೋತ್ಸಾಹಧನ 100 ಕೋಟಿಗೆ 13 ಕೋಟಿ. ವಿನಿಮಯದ ತಲೆನೋವಿಲ್ಲ. ಆದರೆ ಟೆಂಡರ್ ಸಿದ್ಧವಾಗುವ ಮೊದಲು ಬಾಂಡ್ ಮಾರಿದರೆ ಎತ್ತಿದ ಹಣ ಎಫ್‌ಡಿಯಲ್ಲಿ ಕೂತು ಬಡ್ಡಿ ಕೊಡುವುದಕ್ಕಿಂತ ಕಡಿಮೆ ತರುತ್ತದೆ. ರೋಗ ಅದೇ, ಹೆಸರು ಬೇರೆ.

ಡೊಂಬಿವಲಿ ಆಡಿಟ್ (ಮುಂಬೈ):

ಎರಡನೇ ಪ್ರಶ್ನೆಗೆ ಉತ್ತರ: ಮೇಲಿನ ಪಟ್ಟಿಯಲ್ಲಿ ನಿಮ್ಮ ಟ್ರಸ್ಟ್ ನಿಜವಾಗಿ ಮುಟ್ಟಬಹುದಾದದ್ದು ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಒಂದೇ. ಸೇವಾ ಸಂಸ್ಥೆಗಳು ಜನರಿಂದ ನಿಧಿ ಎತ್ತಲೆಂದೇ ಇರುವ ಮಾರುಕಟ್ಟೆ ಅದು. 2019ರ ಜುಲೈ ಬಜೆಟ್‌ನಲ್ಲಿ ಘೋಷಣೆ, 2022ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ಪ್ರತ್ಯೇಕ ವಿಭಾಗವಿದೆ. ಮೊದಲ ಲಿಸ್ಟಿಂಗ್ 2023ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಉನ್ನತಿ ಫೌಂಡೇಶನ್, ಬಂದದ್ದು 1.8 ಕೋಟಿ.

ಅಲ್ಲಿ ಮಾರುವ ಪತ್ರದ ಹೆಸರು ಜೀರೊ ಕೂಪನ್ ಜೀರೊ ಪ್ರಿನ್ಸಿಪಲ್. ಬಡ್ಡಿಯೂ ಇಲ್ಲ, ಅಸಲೂ ವಾಪಸಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಡಿಮ್ಯಾಟ್ ಖಾತೆಗೆ (ಷೇರುಪತ್ರ ಇಡುವ ವಿದ್ಯುನ್ಮಾನ ಖಾತೆ) ಬಂದು ಕೂರುವ ದಾನ. ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಯೋಜನೆಯ ಅವಧಿ ಮುಗಿದರೆ ಪತ್ರವೂ ಮುಗಿಯಿತು. ಕೊಡುವವರು ಯಾರು ಎಂದರೆ ಕೊಂಡವರೇ, ಬೇರೆ ಯಾರೂ ಇಲ್ಲ.

ಅರ್ಹತೆ ಹೀಗೆ: ಸಂಸ್ಥೆ ನೋಂದಣಿಯಾಗಿ ಕನಿಷ್ಠ 3 ವರ್ಷ; ಹಿಂದಿನ ಹಣಕಾಸು ವರ್ಷದಲ್ಲಿ ಖರ್ಚು ಕನಿಷ್ಠ 50 ಲಕ್ಷ, ಬಂದ ನಿಧಿ ಕನಿಷ್ಠ 10 ಲಕ್ಷ; ಚಾಲ್ತಿಯಲ್ಲಿರುವ ಆದಾಯ ತೆರಿಗೆ ನೋಂದಣಿ; ಚಟುವಟಿಕೆಯ ಶೇ 67ರಷ್ಟಾದರೂ ಸೆಬಿ ಪಟ್ಟಿಯ ಕ್ಷೇತ್ರಗಳಲ್ಲಿ, ಮೂರು ವರ್ಷದ ಸರಾಸರಿ. 62 ಲಕ್ಷ ಖರ್ಚಿನ ನೀವು ಹೊಸ್ತಿಲು ದಾಟಿದ್ದೀರಿ, ಆದರೆ ಅಂಚಿನಲ್ಲೇ ಇದ್ದೀರಿ. ಅನುದಾನ ನಿಂತು ಖರ್ಚು 50ರ ಕೆಳಗೆ ಇಳಿದರೆ ಅರ್ಹತೆ ಹೋಯಿತು. ಮಾಡುವುದಿದ್ದರೆ ಈ ವರ್ಷದ ಲೆಕ್ಕ ಆಡಿಟ್ ಆದ ಕೂಡಲೇ ಮಾಡಿ.

ಕ್ರಮ: ಮೊದಲು ಎಕ್ಸ್‌ಚೇಂಜ್‌ನಲ್ಲಿ ಬರೀ ನೋಂದಣಿ. ಆಮೇಲೆ ಹಣ ಎತ್ತುವ ಕರಡು ದಾಖಲೆ. ಅದನ್ನು ಎಕ್ಸ್‌ಚೇಂಜ್ ಮತ್ತು ನಿಮ್ಮ ಜಾಲತಾಣದಲ್ಲಿ 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. ಡಿಪಾಸಿಟರಿಯಿಂದ (ಡಿಮ್ಯಾಟ್ ಪತ್ರಗಳನ್ನು ಕಾಯುವ ಸಂಸ್ಥೆ) ಪತ್ರದ ಗುರುತಿನ ಐಎಸ್‌ಐಎನ್ ಸಂಖ್ಯೆ, ಕೊಂಡವರ ಪಟ್ಟಿ ಇಡುವ ರಿಜಿಸ್ಟ್ರಾರ್ ಜತೆ ಕರಾರು. ನಂತರ ಮಾರಾಟ. ಕನಿಷ್ಠ ಗಾತ್ರ 50 ಲಕ್ಷ, ಒಬ್ಬರ ಕನಿಷ್ಠ ಅರ್ಜಿ 10,000 ರೂಪಾಯಿ. ಶೇ 75 ತುಂಬದಿದ್ದರೆ, ಅಂದರೆ 37.5 ಲಕ್ಷ ಬರದಿದ್ದರೆ, ಎಲ್ಲರಿಗೂ ಹಣ ವಾಪಸ್. 75ಕ್ಕೂ 100ಕ್ಕೂ ನಡುವೆ ನಿಂತರೆ ಯೋಜನೆ ಹೇಗೆ ಕುಗ್ಗಿಸುತ್ತೀರಿ ಎಂಬುದನ್ನು ಮೊದಲೇ ಬರೆದಿರಬೇಕು. ಲಿಸ್ಟ್ ಆದ ಮೇಲೆ ಪ್ರತಿ ತ್ರೈಮಾಸಿಕ ಮುಗಿದ 45 ದಿನದೊಳಗೆ ಹಣ ಬಳಕೆಯ ಪಟ್ಟಿ, ವರ್ಷಕ್ಕೊಮ್ಮೆ ಪರಿಣಾಮ ವರದಿ, ಅದಕ್ಕೆ ಸಾಮಾಜಿಕ ಪರಿಣಾಮ ಪರಿಶೀಲಕರ ಷರಾ.

ಮುಗ್ಗರಿಸುವ ಜಾಗ ಎರಡು. ಒಂದು, 'ಎಕ್ಸ್‌ಚೇಂಜ್‌ಗೆ ಹೋದರೆ ಹೂಡಿಕೆದಾರರು ತಾವಾಗಿ ಬರುತ್ತಾರೆ' ಎಂಬ ಭ್ರಮೆ. ಬರುವುದಿಲ್ಲ. ಇಶ್ಯೂ ತೆರೆಯುವ ಮೊದಲೇ ಮುಕ್ಕಾಲು ಪಾಲು ಹಣಕ್ಕೆ ಬಾಯಿಮಾತಿನ ಭರವಸೆ ಕೈಯಲ್ಲಿರಬೇಕು. ಎರಡು, ಅಳತೆ. '400 ಮಕ್ಕಳಿಗೆ ಕಲಿಸುತ್ತೇವೆ' ಎಂದು ಬರೆದರೆ ಸಾಲದು. ಶುರುವಿನಲ್ಲಿ ಎಷ್ಟು ಮಕ್ಕಳು ಒಂದು ವಾಕ್ಯ ಓದುತ್ತಿದ್ದರು ಎಂಬ ಮೂಲ ಅಂಕಿ ಇಲ್ಲದೆ ಪರಿಶೀಲಕರು ಏನನ್ನೂ ಒಪ್ಪುವುದಿಲ್ಲ.

ಮತ್ತೆ ಹೊರದೇಶದ ಹಣ ಯಾವ ರೂಪದಲ್ಲಿ ಬಂದರೂ ಅದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎಫ್‌ಸಿಆರ್‌ಎ ಅಡಿಯೇ. ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬೀಳಬೇಕು, ಆಡಳಿತ ಖರ್ಚು ಶೇ 20 ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆ ಕಾಯ್ದೆಯಡಿಯ ನೋಂದಣಿಯ ನವೀಕರಣಕ್ಕೆ ಅರ್ಜಿ ಅವಧಿ ಮುಗಿಯುವ ಕನಿಷ್ಠ 4 ತಿಂಗಳು ಮೊದಲು.

ದಾದರ್ ಟಿಟಿ (ಮುಂಬೈ):

ಡೊಂಬಿವಲಿಯವರೇ, ಒಂದು ತಿದ್ದುಪಡಿ. ಕನಿಷ್ಠ ಅರ್ಜಿ ಈಗ 10,000 ಅಲ್ಲ. 2025ರ ಮಾರ್ಚ್‌ನ ಸೆಬಿ ಸುತ್ತೋಲೆಯಲ್ಲಿ 1,000ಕ್ಕೆ ಇಳಿದಿದೆ. ಮೊದಲು 2 ಲಕ್ಷ ಇತ್ತು, ಆಮೇಲೆ 10,000.

ಡೊಂಬಿವಲಿ ಆಡಿಟ್ (ಮುಂಬೈ):

ಹೌದು, ನೀವು ಹೇಳಿದ್ದೇ ಸರಿ. ಆದರೆ 1,000ದಂತೆ 37.5 ಲಕ್ಷ ಸೇರಿಸಲು 3,750 ಜನ ಬೇಕು, ಪ್ರತಿಯೊಬ್ಬರಿಗೂ ಡಿಮ್ಯಾಟ್ ಖಾತೆ ಇರಬೇಕು. ಸಂಘದ ವಾರ್ಷಿಕೋತ್ಸವದಲ್ಲಿ ರಸೀತಿ ಪುಸ್ತಕ ಹಿಡಿದು ನಿಂತಂತಲ್ಲ ಇದು. ದೊಡ್ಡ ಕೈಗಳು ನಾಲ್ಕಾದರೂ ಇರಲೇಬೇಕು.

ಪಿಂಪ್ರಿ ಖಾತೆಪುಸ್ತಕ (ಪುಣೆ):

ಎಲ್ಲರಿಗೂ ಧನ್ಯವಾದ. ಇಂಪ್ಯಾಕ್ಟ್ ಬಾಂಡ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕೆಲಸ ಮಕ್ಕಳ ಓದಿನದು, ಅದಕ್ಕೆ ಹೊಂದುತ್ತದೆ ಎಂದು ಒಬ್ಬ ಟ್ರಸ್ಟಿಯ ವಾದ.

ವಾಸ್ಕೊ ಬಂದರು (ಗೋವಾ):

ಕೆಲಸಕ್ಕೆ ಹೊಂದುತ್ತದೆ, ಗಾತ್ರಕ್ಕೆ ಹೊಂದುವುದಿಲ್ಲ. ರಾಜಸ್ಥಾನದ ಭಿಲ್ವಾರಾ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಸಂಸ್ಥೆ ನಡೆಸಿದ ಬಾಂಡ್ ನೋಡಿ. ಸ್ವಿಟ್ಜರ್ಲೆಂಡಿನ ಯುಬಿಎಸ್ ಆಪ್ಟಿಮಸ್ ಪ್ರತಿಷ್ಠಾನ ಸುಮಾರು 2.7 ಲಕ್ಷ ಡಾಲರ್ ಮುಂಗಡ ಹಾಕಿತು. ಗುರಿ ಮುಟ್ಟಿದರೆ ಲಂಡನ್ನಿನ ಮಕ್ಕಳ ನೆರವಿನ ಪ್ರತಿಷ್ಠಾನ ಸಿಐಎಫ್‌ಎಫ್ ಅದನ್ನು ಲಾಭ ಸಮೇತ ತೀರಿಸುವ ಕರಾರು. ಪಾವತಿಯ ಶೇ 80 ಮಕ್ಕಳ ಕಲಿಕೆಗೆ, ಶೇ 20 ಶಾಲೆ ಬಿಟ್ಟ ಹುಡುಗಿಯರ ದಾಖಲಾತಿಗೆ ಕಟ್ಟಿದ್ದು. ಅಳೆದದ್ದು ಮೂರನೆಯವರು, ಯೋಜನೆ ಇದ್ದ ಹಳ್ಳಿ ಮತ್ತು ಇಲ್ಲದ ಹಳ್ಳಿ ಹೋಲಿಸಿ. ಕಲಿಕೆಯಲ್ಲಿ ಗುರಿಯ ಶೇ 160, ದಾಖಲಾತಿಯಲ್ಲಿ ಶೇ 116 ಬಂತು. ಹೂಡಿದವರಿಗೆ ಒಟ್ಟು 4.22 ಲಕ್ಷ ಡಾಲರ್ ಮರಳಿತು, ವಾರ್ಷಿಕ ಲೆಕ್ಕದಲ್ಲಿ ಶೇ 15.

ಇಲ್ಲಿ ಹೊರೆ ದಾಟಿದ್ದು ದಾನಿಯಿಂದ ಹೂಡಿಕೆದಾರನಿಗೆ. ಫಲ ಬರದಿದ್ದರೆ ದಾನಿಗೆ ಖರ್ಚಿಲ್ಲ. ಆದರೆ ಅಳತೆ, ವಕೀಲರು, ಮಧ್ಯವರ್ತಿ, ಎಲ್ಲದರ ಖರ್ಚು ಬಾಂಡ್ ಸಣ್ಣದಾದಷ್ಟೂ ಪಾಲಿನಲ್ಲಿ ದೊಡ್ಡದಾಗುತ್ತದೆ. ಒಂಟಿ ಟ್ರಸ್ಟ್ ಇದಕ್ಕೆ ಕೈ ಹಾಕಬಾರದು. ನಾಲ್ಕೈದು ಸಂಸ್ಥೆಗಳನ್ನು ಒಟ್ಟು ಸೇರಿಸಿ ನಡೆಸುವ ದೊಡ್ಡ ಬಾಂಡ್ ಬಂದರೆ, ಅದರೊಳಗೆ ಕಲಿಸುವ ಸಂಸ್ಥೆಯಾಗಿ ಸೇರಿಕೊಳ್ಳಬಹುದು. ಆಗಲೂ ಒಂದು ಎಚ್ಚರ: ವೇಗವಾಗಿ ಕಲಿಯುವ ಮಕ್ಕಳನ್ನೇ ಆರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಯಾವ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಕರಾರಿನಲ್ಲೇ ಹೆಸರುಪಟ್ಟಿ ಸಮೇತ ಕಟ್ಟಿಹಾಕಿಸಿ. ಕಟ್ಟಡ ಕಾರ್ಮಿಕರ ಮಕ್ಕಳಾದರೆ ಇನ್ನೂ ತೊಡಕು. ಸೈಟ್ ಮುಗಿದರೆ ಕುಟುಂಬ ಹೊರಟುಹೋಗುತ್ತದೆ, ವರ್ಷದ ಕೊನೆಯ ಪರೀಕ್ಷೆಗೆ ಸಿಗುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಅಳೆಯುವ ಷರತ್ತು ಕೇಳಿ.

ಡೊಂಬಿವಲಿ ಆಡಿಟ್ (ಮುಂಬೈ):

ಕಡೆಗೊಂದು ಮಾತು, ಯಾವ ದಾರಿ ಹಿಡಿದರೂ ಬೇಕಾಗುವುದು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಆಗಿರುವುದರಿಂದ ಧರ್ಮಾದಾಯ ಆಯುಕ್ತರ ಕಚೇರಿಯ ದಾಖಲೆಯಲ್ಲಿ ಈಗಿನ ಟ್ರಸ್ಟಿಗಳ ಹೆಸರೇ ಇದೆಯೇ ನೋಡಿ. ಟ್ರಸ್ಟಿ ಬದಲಾದ 90 ದಿನದೊಳಗೆ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಕಲಂ 22ರ ಅಡಿ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಹಾಕಬೇಕು. ಹಳೆಯ ಸಂಸ್ಥೆಗಳಲ್ಲಿ ಹತ್ತು ಹದಿನೈದು ವರ್ಷದ ಹಿಂದಿನವರ, ಕೆಲವೊಮ್ಮೆ ತೀರಿಹೋದವರ ಹೆಸರೇ ಉಳಿದಿರುತ್ತದೆ. ಡಿಮ್ಯಾಟ್, ಎಫ್‌ಸಿಆರ್‌ಎ, ಎಕ್ಸ್‌ಚೇಂಜ್ ಮೂರೂ ಕಡೆ ಸಹಿ ಹಾಕುವವರ ಹೆಸರು ಆ ದಾಖಲೆಗೆ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ನಾಳೆ ಬೆಳಿಗ್ಗೆ ಮೊದಲು ಟ್ರಸ್ಟಿಗಳ ಹೆಸರಿರುವ ನೋಂದಣಿ ಹಾಳೆ, ಶೆಡ್ಯೂಲ್ ಒಂದರ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ತಿದ್ದುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಪಿಂಪ್ರಿ ಖಾತೆಪುಸ್ತಕ (ಪುಣೆ):

ಈಗಲೇ ತೆಗೆದು ನೋಡಿದೆ. ಕೊನೆಯ ಚೇಂಜ್ ರಿಪೋರ್ಟ್ 2016ರದು, ಆಮೇಲೆ ಇಬ್ಬರು ಟ್ರಸ್ಟಿಗಳು ಬದಲಾಗಿದ್ದಾರೆ. ತಡವಾದದ್ದಕ್ಕೆ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೇ ಹಾಕಬೇಕೇ?

ಡೊಂಬಿವಲಿ ಆಡಿಟ್ (ಮುಂಬೈ):

ಹಾಕಲೇಬೇಕು. ಪ್ರತಿ ಬದಲಾವಣೆಗೂ ಬೇರೆ ಬೇರೆ ರಿಪೋರ್ಟ್, ಪ್ರತಿಯೊಂದಕ್ಕೂ ಆ ಸಭೆಯ ನೋಟಿಸು, ಠರಾವಿನ ಪ್ರತಿ, ಹೊಸಬರ ಒಪ್ಪಿಗೆ ಪತ್ರ. ಹಳೆಯದನ್ನು ಮೊದಲು ಹಾಕಿ.